ಪ್ರತಿಕ್ರಿಯೆ: ಆಸ್ಪತ್ರೆ ಕಟ್ಟಡದ ಅನುಭವವನ್ನು ಅರಿಯಲು ಪ್ರಶ್ನಾವಳಿಯೊಂದೇ ಸಾಕೇ?

ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಮರುವಿನ್ಯಾಸಗೊಳಿಸುವ ಮುನ್ನ ರೋಗಿಗಳಿಗೆ ಪ್ರಶ್ನಾವಳಿ ಹಂಚಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು ಎಂಬುದು ನನ್ನ ಅಭಿಪ್ರಾಯ. ಚೀಟಿ ಮಾಡಿಸಲು ಸರದಿಯಲ್ಲಿ ನಿಂತವರನ್ನು ‘ಕಟ್ಟಡ ಹೇಗಿದೆ’ ಎಂದು ಕೇಳಿದರೆ, ಕೇಳುವವರು ಆಸ್ಪತ್ರೆಯ ಕಡೆಯವರೇ ಇರಬಹುದೆಂಬ ಅಳುಕಿನಿಂದ ಹೆಚ್ಚಿನವರು ‘ಚೆನ್ನಾಗಿದೆ’ ಎಂದುಬಿಡುತ್ತಾರೆ.

ಪರಿಸರವು ರೋಗಿಗಳ ಮೇಲೆ ಬೀರುವ ಪರಿಣಾಮವನ್ನು ಅಧ್ಯಯನ ಮಾಡಿದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಗಮನಿಸಿ. ಅವರು ರೋಗಿಗಳನ್ನು ಪ್ರಶ್ನಿಸಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ತೆಗೆದು, ವಯಸ್ಸು, ಲಿಂಗ, ಧೂಮಪಾನದ ಅಭ್ಯಾಸ ಮುಂತಾದವು ಹೊಂದುವಂತೆ 23 ಜೋಡಿಗಳನ್ನು ಮಾಡಿ, ಕಿಟಕಿಯಾಚೆ ಮರಗಳು ಕಾಣುತ್ತಿದ್ದವರನ್ನು ಬರಿಯ ಇಟ್ಟಿಗೆ ಗೋಡೆ ಕಾಣುತ್ತಿದ್ದವರೊಂದಿಗೆ ಹೋಲಿಸಿದರು. ಶಸ್ತ್ರಚಿಕಿತ್ಸೆಯ ನಂತರ ಮೊದಲಿನವರು ಆಸ್ಪತ್ರೆಯಲ್ಲಿ ಉಳಿದದ್ದು ಸರಾಸರಿ 7.96 ದಿನ, ಎರಡನೆಯವರು 8.70 ದಿನ, ಮರ ಕಂಡವರಿಗೆ ತೀವ್ರ ನೋವುನಿವಾರಕಗಳೂ ಕಡಿಮೆ ಬೇಕಾದವು. ಒಂದೇ ಆಸ್ಪತ್ರೆಯ 46 ಜನರ ಲೆಕ್ಕವಿದು. ಇದನ್ನೇ ಸಾರ್ವತ್ರಿಕ ನಿಯಮವೆಂಬಂತೆ ಉಲ್ಲೇಖಿಸುವ ವಾಸ್ತುಶಿಲ್ಪಿಗಳ ಉತ್ಸಾಹ ತುಸು ಅತಿಯೇ. ಆದರೆ ವಿಧಾನ ಅನುಕರಣೀಯ.

ನಿಮಗೆ ಅಂಥ ದಾಖಲೆಗಳು ಸಿಗದಿದ್ದರೆ, ನೆಲನಕ್ಷೆಯ ಪ್ರತಿಗಳನ್ನು ಹಿಡಿದು, ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ, ಹತ್ತು ನಿಮಿಷಕ್ಕೊಮ್ಮೆ ಯಾರು ಎಲ್ಲಿ ಕುಳಿತಿದ್ದಾರೆ, ಎಲ್ಲಿ ನಿಂತಿದ್ದಾರೆ ಎಂಬುದನ್ನು ಗುರುತು ಹಾಕುತ್ತಾ ಹೋಗಿ. ಬೆಂಚು ಖಾಲಿಯಿದ್ದರೂ ಜನ ವೈದ್ಯರ ಬಾಗಿಲ ಬಳಿ ನೆಲದ ಮೇಲೆಯೇ ಕುಳಿತಿದ್ದರೆ, ಹೆಸರು ಕೂಗಿದ್ದು ಬೆಂಚಿನವರೆಗೆ ಕೇಳಿಸುತ್ತಿಲ್ಲದಿರಬಹುದು. ‘ಇಲ್ಲೇ ಏಕೆ ಕುಳಿತಿರಿ’ ಎಂಬ ಪ್ರಶ್ನೆಯನ್ನು ಆಗ ಅವರನ್ನೇ ಕೇಳಿ. ಆಸ್ಪತ್ರೆಯ ಲಿಖಿತ ಅನುಮತಿಯನ್ನು ಮೊದಲೇ ಪಡೆಯಿರಿ, ಮುಖ ಗುರುತಾಗುವ ಛಾಯಾಚಿತ್ರಗಳಂತೂ ಬೇಡ.