ಚರ್ಚೆಯ ತರಗತಿಯಲ್ಲಿ ಬಾಯಿ ತೆರೆಯದಿದ್ದರೆ ಅಂಕ ಹೋಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಹೋಗಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದ್ದೀರಿ. ಹದಿನಾಲ್ಕು ಜನರ ಒಂದು ಸೆಮಿನಾರ್‌ನಲ್ಲಿ ಶೇ 25ರಷ್ಟು ಅಂಕ ಚರ್ಚೆಗೇ ಮೀಸಲು. ಮೂರು ವಾರವಾದರೂ ನೀವು ಒಂದು ಮಾತೂ ಆಡಿಲ್ಲ. ಈಗ ಪ್ರೊಫೆಸರ್ ‘ಬಂದು ಭೇಟಿಯಾಗಿ’ ಎಂದು ಇಮೇಲ್ ಕಳಿಸಿದ್ದಾರೆ. ಇದು ನೋಟಿಸೇ, ಕೋರ್ಸನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ.

ನೋಟಿಸ್ ಅಲ್ಲ. ನಮ್ಮ ಕಾಲೇಜುಗಳಲ್ಲಿ ಕೊಠಡಿಗೆ ಕರೆ ಬಂತೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ, ಅದಕ್ಕೇ ಹೆದರಿದ್ದೀರಿ. ಅಲ್ಲಿ ಪ್ರತಿ ಪ್ರೊಫೆಸರ್ ವಾರಕ್ಕೆ ಒಂದೆರಡು ಗಂಟೆ ವಿದ್ಯಾರ್ಥಿಗಳಿಗಾಗಿಯೇ ಬಾಗಿಲು ತೆರೆದು ಕೂರುತ್ತಾರೆ. ಅದಕ್ಕೆ ಆಫೀಸ್ ಅವರ್ಸ್ ಎನ್ನುತ್ತಾರೆ. ಯಾರೂ ಬಾರದೆ ಅವರೇ ಬೇಸರಿಸಿಕೊಂಡು ಕೂತಿರುವುದೂ ಉಂಟು. ಹೋಗಿ. ಮನೆಗೆ ಸುದ್ದಿ ಹೋದೀತೆಂಬ ಭಯವೂ ಬೇಡ: 1974ರ ಒಂದು ಕಾನೂನಿನ ಪ್ರಕಾರ ವಿದ್ಯಾರ್ಥಿಯ ಅಂಕಗಳ ವಿವರ ವಿದ್ಯಾರ್ಥಿಯದೇ. ಅಪ್ಪ ಫೋನ್ ಮಾಡಿ ಕೇಳಿದರೂ ಸಾಮಾನ್ಯವಾಗಿ ನಿಮ್ಮ ಒಪ್ಪಿಗೆಯಿಲ್ಲದೆ ಕಾಲೇಜು ಬಾಯಿ ಬಿಡುವುದಿಲ್ಲ.

ಕೋರ್ಸ್ ಬಿಡುವ ಯೋಚನೆಯನ್ನು ಮಾತ್ರ ಇವತ್ತೇ ತಲೆಯಿಂದ ತೆಗೆಯಿರಿ. ಕಡೇಪಕ್ಷ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳದೆ ಬಿಡಬೇಡಿ. ಎಫ್-1 ವೀಸಾದವರು ಪೂರ್ಣಾವಧಿ ವಿದ್ಯಾರ್ಥಿಗಳಾಗಿಯೇ ಇರಬೇಕು. ಅನುಮತಿಯಿಲ್ಲದೆ ಕ್ರೆಡಿಟ್ ಕಡಿಮೆಯಾದರೆ ವೀಸಾಕ್ಕೇ ಕುತ್ತು.

ಇನ್ನು ಮಾತಿನ ವಿಷಯ. ನಾನು ತೀರ್ಥಹಳ್ಳಿ ಕಡೆಯವನು. ಪದವಿಯವರೆಗೂ ನನಗೆ ತರಗತಿಯೆಂದರೆ ಮೇಷ್ಟರು ಹೇಳುವುದು, ನಾವು ಬರೆದುಕೊಳ್ಳುವುದು. ಗಂಟೆ ಹೊಡೆಯುವ ಹೊತ್ತಿಗೆ ಪ್ರಶ್ನೆ ಕೇಳಿದವನನ್ನು ಹಿಂದಿನ ಬೆಂಚಿನವರು ಕೆಕ್ಕರಿಸಿ ನೋಡುತ್ತಿದ್ದರು. 2011ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಹೋದೆ. ಮೊದಲ ನಾಲ್ಕು ವಾರ ನಾನೂ ನಿಮ್ಮ ಹಾಗೆಯೇ ಮೌನಿ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆ ಬಂಗಾರವನ್ನು ಒರೆಗೆ ಹಚ್ಚಿ ನೋಡುವವರು ಅಲ್ಲಿ ಯಾರೂ ಇರಲಿಲ್ಲ. ನಮ್ಮಲ್ಲಿ ವಿನಯವೆನಿಸುವ ಮೌನ ಅಲ್ಲಿ ‘ಇವನು ಓದಿಕೊಂಡು ಬಂದಿಲ್ಲ’ ಎಂಬಂತೆ ಕಾಣುತ್ತದೆ.

ಐದನೆಯ ವಾರ ಹಠ ಹಿಡಿದು ಮಾತಾಡಿದೆ. ಒಂದಲ್ಲ, ಆರು ಸಲ. ತರಗತಿ ಮುಗಿದ ಮೇಲೆ ಪ್ರೊಫೆಸರ್ ಒಂದು ಹಾಳೆಯನ್ನು ಮೇಜಿನ ನಡುವೆ ಇಟ್ಟರು. ಅಂಡಾಕಾರದ ಮೇಜಿನ ಚಿತ್ರ, ಸುತ್ತ ನಮ್ಮ ಹೆಸರುಗಳು, ಯಾರು ಯಾರ ಮಾತಿಗೆ ಉತ್ತರ ಕೊಟ್ಟರೋ ಅವರಿಬ್ಬರ ನಡುವೆ ಒಂದು ಗೆರೆ. ಹಾಳೆ ಜೇಡನ ಬಲೆಯಂತಿತ್ತು. ನನ್ನ ಹೆಸರಿನಿಂದ ಹೊರಟ ಆರು ಗೆರೆ ನೋಡಿ ಹಿಗ್ಗಿದೆ. ಆಮೇಲೆ ನೋಡುತ್ತೇನೆ, ಆರೂ ಪ್ರೊಫೆಸರರ ಕಡೆಗೇ ಹೋಗಿವೆ. ಸಹಪಾಠಿಗಳಲ್ಲಿ ಒಬ್ಬರ ಮಾತಿಗೂ ನಾನು ಓಗೊಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಒಪ್ಪಿಸಿದಂತೆ ಒಪ್ಪಿಸಿ ಕೂತಿದ್ದೆ. (ಮೇಜಿನ ಸುತ್ತ ಕೂತು ಹೀಗೆ ಚರ್ಚಿಸುವ ಪದ್ಧತಿಗೆ ಹಾರ್ಕ್‌ನೆಸ್ ಎಂಬ ಹೆಸರಿದೆ. 1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಶ್ರೀಮಂತ ನ್ಯೂ ಹ್ಯಾಂಪ್‌ಶೈರ್‌ನ ಫಿಲಿಪ್ಸ್ ಎಕ್ಸೆಟರ್ ಶಾಲೆಗೆ ದೇಣಿಗೆ ಕೊಟ್ಟ, ಅಲ್ಲಿ ಅಂಡಾಕಾರದ ಮೇಜುಗಳು ಬಂದವು.)

ಆ ಹಾಳೆ ನೋಡಿದಾಗ ನೆನಪಾದದ್ದು ನಮ್ಮೂರಿನ ತಾಳಮದ್ದಳೆ. ಎದುರು ಕೂತ ಕೃಷ್ಣ ಏನು ಹೇಳಿದ ಎಂಬುದನ್ನು ಕಿವಿಗೆ ಹಾಕಿಕೊಳ್ಳದೆ, ಮನೆಯಲ್ಲಿ ಉರುಹೊಡೆದುಕೊಂಡು ಬಂದದ್ದನ್ನೇ ಹೇಳುವ ಕರ್ಣನ ಭಾಷೆ ಎಷ್ಟೇ ಚೆನ್ನಾಗಿರಲಿ, ಪ್ರಸಂಗ ಮೇಲೇಳುವುದಿಲ್ಲ. ಒಳ್ಳೆಯ ಅರ್ಥಧಾರಿ ಎದುರಿನವನ ಕೊನೆಯ ಮಾತನ್ನು ಹಿಡಿದುಕೊಂಡೇ ಏಳುತ್ತಾನೆ. ಎಷ್ಟು ದೂರ ಅಲೆದರೂ ಭಾಗವತರು ಹಾಡಿದ ಪದ್ಯದ ಬಳಿಗೇ ಮರಳುತ್ತಾನೆ. ನಿಮ್ಮ ಸೆಮಿನಾರ್‌ನಲ್ಲಿ ಆ ವಾರ ಓದಬೇಕಾದ ಪಠ್ಯವೇ ಪದ್ಯ. ಮುಂದೆ ಮೂರು ವರ್ಷ ಅಲ್ಲೇ ಬೋಧನಾ ಸಹಾಯಕನಾಗಿ ಚರ್ಚೆಯ ತರಗತಿಗಳನ್ನು ನಡೆಸಿದೆ. ಅಂಕ ಹಾಕುವಾಗ ನಾನು ನೋಡುತ್ತಿದ್ದುದೂ ಇವೆರಡನ್ನೇ: ಪಠ್ಯದ ಬಳಿ ಇದ್ದಾನೆಯೇ, ಇನ್ನೊಬ್ಬರ ಮಾತು ಕೇಳಿಸಿಕೊಂಡಿದ್ದಾನೆಯೇ. ಎರಡು ಗಂಟೆಯಲ್ಲಿ ಎರಡೇ ಸಲ ಮಾತಾಡಿ ಪೂರ್ತಿ ಅಂಕ ಪಡೆದವರಿದ್ದರು. ಹತ್ತು ಸಲ ಮಾತಾಡಿ ಬೇರೆಯವರ ಬಾಯಿ ಮುಚ್ಚಿಸಿ ಅಂಕ ಕಳೆದುಕೊಂಡವರೂ ಇದ್ದರು.

ಆದ್ದರಿಂದ ಮುಂದಿನ ವಾರ ಇಷ್ಟು ಮಾಡಿ. ಓದುವಾಗ ನಿಮಗೆ ಅರ್ಥವಾಗದ ಅಥವಾ ಸಿಟ್ಟು ತರಿಸಿದ ಎರಡು ವಾಕ್ಯಗಳಿಗೆ ಗುರುತು ಹಾಕಿ, ಪುಟಸಂಖ್ಯೆ ಬರೆದಿಟ್ಟುಕೊಳ್ಳಿ. ತರಗತಿಯ ಮೊದಲ ಹತ್ತು ನಿಮಿಷದಲ್ಲೇ ಬಾಯಿ ತೆರೆಯಿರಿ. ಹೊತ್ತು ಹೋದಷ್ಟೂ ನೀವು ಹೇಳಬೇಕೆಂದದ್ದನ್ನು ಬೇರೆಯವರು ಹೇಳಿಬಿಡುತ್ತಾರೆ, ಎದೆಬಡಿತವೂ ಹೆಚ್ಚುತ್ತದೆ. ಜಾಣ ಅಭಿಪ್ರಾಯವೇ ಬೇಕೆಂದಿಲ್ಲ. ‘47ನೇ ಪುಟದ ಈ ಮಾತು ಮೊದಲ ಅಧ್ಯಾಯಕ್ಕೆ ವಿರುದ್ಧವಾಗಿದೆಯಲ್ಲ, ಯಾಕೆ?’ ಎಂದರೂ ಸಾಕು. ಎರಡನೆಯ ಮಾತು ಸಹಪಾಠಿಯೊಬ್ಬರ ಹೆಸರಿನಿಂದಲೇ ಶುರುವಾಗಲಿ: ಅವರು ಹೇಳಿದ್ದರಲ್ಲಿ ಇದನ್ನು ಒಪ್ಪುತ್ತೇನೆ, ಇದನ್ನು ಒಪ್ಪುವುದಿಲ್ಲ, ಕಾರಣ ಇಂಥ ಪುಟದಲ್ಲಿದೆ. ಒಪ್ಪದಿರುವುದು ಅಲ್ಲಿ ಅವಮಾನವಲ್ಲ. ತರಗತಿಯಲ್ಲಿ ಕಾದಾಡಿದವರು ಅರ್ಧ ಗಂಟೆಯ ಮೇಲೆ ಒಟ್ಟಿಗೆ ಕಾಫಿಗೆ ಹೋಗುವುದನ್ನು ಮೊದಲ ಸಲ ನೋಡಿದಾಗ ನನಗೆ ಆಶ್ಚರ್ಯವಾಗಿತ್ತು. ಆಮೇಲೆ ಯೋಚಿಸಿದೆ, ನಮ್ಮ ಕರ್ಣ-ಕೃಷ್ಣರೂ ಮಂಗಳವಾದ ಮೇಲೆ ಒಂದೇ ತಟ್ಟೆಯಿಂದ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರಲ್ಲ ಎಂದು.

ಉಚ್ಚಾರಣೆಯ ಬಗ್ಗೆ ಬರೆದಿದ್ದೀರಿ. ನಿಧಾನವಾಗಿ ಮಾತಾಡಿ, ಅಷ್ಟೇ. ಅದಕ್ಕೆ ಅಂಕ ಕಳೆಯುವ ಪ್ರೊಫೆಸರನ್ನು ನಾನು ಕಂಡಿಲ್ಲ. ‘ಸರ್’ ಎನ್ನುವುದು ನನಗೂ ಬಾಯಿಗೆ ಅಂಟಿಕೊಂಡಿತ್ತು. ‘ಪ್ರೊಫೆಸರ್’ ಎಂದು ಹೇಳಿ ಅವರ ಉಪನಾಮ ಸೇರಿಸಿದರೆ ಎಲ್ಲೆಡೆಯೂ ನಡೆಯುತ್ತದೆ, ಬರೀ ಹೆಸರು ಹಿಡಿದು ಕರೆಯಿರಿ ಎಂದು ಅವರೇ ಹೇಳಿದರೆ ಹಾಗೇ ಕರೆಯಿರಿ. ಮೇರಿಲ್ಯಾಂಡ್‌ನ ಅನಾಪೊಲಿಸ್‌ನಲ್ಲಿ ಸೇಂಟ್ ಜಾನ್ಸ್ ಎಂಬ ಕಾಲೇಜಿದೆ, 1937ರಿಂದಲೂ ಅಲ್ಲಿನ ಓದೆಲ್ಲ ಇಂಥ ಚರ್ಚೆಯ ತರಗತಿಗಳ ಸುತ್ತಲೇ ನಡೆದಿದೆ. ಅಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳನ್ನೂ ಮಿಸ್ಟರ್, ಮಿಸ್ ಎಂದು ಉಪನಾಮ ಹಿಡಿದೇ ಕರೆಯುತ್ತಾರೆ. ನಾನೇನಾದರೂ ಅಲ್ಲಿ ಓದಿದ್ದರೆ ನಾಲ್ಕು ವರ್ಷ ನನ್ನ ಅಪ್ಪನೇ ಓದಿದಂತಾಗುತ್ತಿತ್ತು: ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗದಲ್ಲಿರುವುದು ಅವರ ಹೆಸರು.

ಸಿಲಬಸ್ ಹನ್ನೊಂದು ಪುಟ ಇದೆ ಎಂದು ದೂರಿದ್ದೀರಿ. ನಮ್ಮಲ್ಲಿ ಸಿಲಬಸ್ ಎಂದರೆ ಪಾಠಗಳ ಪಟ್ಟಿ, ಅಲ್ಲಿ ಅದು ಹೆಚ್ಚುಕಡಿಮೆ ಕರಾರುಪತ್ರ. ನಮ್ಮ ಶೇ 75ರ ಹಾಜರಾತಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ವಾರಕ್ಕೊಮ್ಮೆ ಸೇರುವ ಸೆಮಿನಾರ್‌ನಲ್ಲಿ ಒಂದೆರಡು ಗೈರುಹಾಜರಿಯ ಮೇಲೆ ಗ್ರೇಡ್ ಇಳಿಯುವುದು ಸಾಮಾನ್ಯ. ಕಾಯಿಲೆಯಾದರೆ ತರಗತಿಗೆ ಮೊದಲೇ ಎರಡು ಸಾಲಿನ ಇಮೇಲ್ ಹಾಕಿ. ಓದಿಗೆ ಹೊತ್ತು ಸಾಲುತ್ತಿಲ್ಲ ಎನ್ನುವುದು ನಿಜವೇ, ಆದರೆ ಅಲ್ಲಿ ಲೆಕ್ಕ ಹಾಕುವುದೇ ಹಾಗೆ: ತರಗತಿಯ ಒಂದು ಗಂಟೆಗೆ ಹೊರಗೆ ಕನಿಷ್ಠ ಎರಡು ಗಂಟೆ ಓದು. ಮೂರು ಕ್ರೆಡಿಟ್ ಎಂದರೆ ತರಗತಿಯೂ ಸೇರಿ ವಾರಕ್ಕೆ ಒಂಬತ್ತು ಗಂಟೆ.

ಸಿಲಬಸ್‌ನಲ್ಲಿ ಎರಡು ಕಡೆ ಕೆಂಪು ಗೆರೆ ಎಳೆದುಕೊಳ್ಳಿ. ಒಂದು, ಕೃತಿಚೌರ್ಯದ ಭಾಗ. ನಮ್ಮ ಹುಡುಗರು ಜಾರಿ ಬೀಳುವುದು ಇಲ್ಲಿ, ಅದೂ ಹೆಚ್ಚಾಗಿ ಮೋಸದ ಉದ್ದೇಶವಿಲ್ಲದೆಯೇ. ಪುಸ್ತಕದ ವಾಕ್ಯವನ್ನು ಸ್ವಲ್ಪ ತಿರುಗಿಸಿ ಬರೆದು ಮೂಲ ಹೇಳದಿದ್ದರೂ ಅದು ಕಳವೇ. ನೀವೇ ಬೇರೆ ಕೋರ್ಸಿಗೆ ಬರೆದದ್ದನ್ನು ಕೇಳದೆ ಇಲ್ಲಿ ಮತ್ತೆ ಕೊಡುವುದೂ ತಪ್ಪು. ಚಾಟ್‌ಜಿಪಿಟಿಯಂಥವುಗಳ ಬಳಕೆಗೆ ಎಲ್ಲ ಕಡೆ ಒಂದೇ ನಿಯಮವಿಲ್ಲ, ಪ್ರತಿ ಕೋರ್ಸಿಗೂ ಬೇರೆ. ಇನ್ನೊಂದು, ಧ್ವನಿಮುದ್ರಣ. ಆಮೇಲೆ ಕೇಳಿಸಿಕೊಳ್ಳೋಣವೆಂದು ಫೋನ್ ಒತ್ತಿ ಇಡಬೇಡಿ. ಮೇಜಿನ ಸುತ್ತ ಜನ ತಮ್ಮ ಮನೆಯ, ಮೈಯ ವಿಷಯಗಳನ್ನೂ ಆಡುತ್ತಾರೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆಯಿಲ್ಲದೆ ಮುದ್ರಿಸುವುದು ಕಾನೂನಿಗೇ ವಿರುದ್ಧ. ಬೇಕೇ ಬೇಕಿದ್ದರೆ ಪ್ರೊಫೆಸರನ್ನು ಮೊದಲು ಕೇಳಿ.

ಭೇಟಿಯಲ್ಲಿ ಕ್ಷಮೆ ಕೇಳುತ್ತಾ ಕೂರಬೇಡಿ. ‘ನಾನು ಬಂದ ಕಡೆ ತರಗತಿಯಲ್ಲಿ ಮಾತಾಡುವ ರೂಢಿ ಇರಲಿಲ್ಲ, ಕಲಿಯುತ್ತಿದ್ದೇನೆ’ ಎಂದು ಒಂದೇ ಸಲ ಹೇಳಿ, ಆಮೇಲೆ ಪುಸ್ತಕಕ್ಕೆ ಬನ್ನಿ. ಆ ವಾರದ ಪುಸ್ತಕ ಕೈಯಲ್ಲಿರಲಿ, ಅರ್ಥವಾಗದ ಪುಟದಲ್ಲಿ ಒಂದು ಚೀಟಿ ಸಿಕ್ಕಿಸಿಕೊಂಡು ಹೋಗಿ.