ಸಬ್‌ಸ್ಕ್ರಿಪ್ಷನ್ ಆಟ ಓಪನ್ ಆಗ್ತಿಲ್ವಾ? ಅಳಿಸೋಕೆ ಮುಂಚೆ ಎರರ್ ಕೋಡ್ ಓದಿ

ನಮಸ್ಕಾರ. ನಿಮ್ಮ ಪ್ರಶ್ನೆ, ಅದಕ್ಕೆ ಬಂದಿರುವ ಉತ್ತರಗಳು ಎರಡನ್ನೂ ಪೂರ್ತಿ ಓದಿದೆ. ಮೈಕ್ರೋಸಾಫ್ಟ್‌ನ ಗೇಮ್ ಸಬ್‌ಸ್ಕ್ರಿಪ್ಷನ್ ಆದ ಪಿಸಿ ಗೇಮ್ ಪಾಸ್‌ನಲ್ಲಿ ಪ್ಲೇ ಒತ್ತಿದ್ರೆ ಆಟದ ಲೋಗೋ ಒಂದು ಕ್ಷಣ ಬಂದು ಮಾಯವಾಗುತ್ತೆ, ಕೆಲವು ಸಲ 0ಎಕ್ಸ್803ಎಫ್8001 ಅನ್ನೋ ಎರರ್ ಬರುತ್ತೆ, ಆಟ ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿದ್ರೂ ಅದೇ ಕಥೆ ಅಂತ ಬರೆದಿದ್ದೀರಿ. ಇನ್ನೊಂದು ಸಲ ಅಳಿಸಿ ಹಾಕಿ, ಆಗದಿದ್ರೆ ವಿಂಡೋಸನ್ನೇ ಹೊಸದಾಗಿ ಹಾಕಿ ಅನ್ನೋ ಸಲಹೆಗಳೂ ಬಂದಿವೆ.

ದಯವಿಟ್ಟು ಈಗಲೇ ಏನನ್ನೂ ಅಳಿಸಬೇಡಿ. ಬೀಗದಲ್ಲಿ ಕೀಲಿ ತಿರುಗದಿದ್ರೆ ಯಾರೂ ಮನೆ ಕೆಡವಿ ಕಟ್ಟಲ್ಲ. ನೀವು ಕೊಟ್ಟಿರುವ ಕೋಡ್ ಆಟದ ಫೈಲ್‌ಗಳ ಬಗ್ಗೆ ಮಾತಾಡ್ತಾನೇ ಇಲ್ಲ, ಲೈಸೆನ್ಸ್ ಬಗ್ಗೆ, ಅಂದ್ರೆ ಆಟ ಆಡೋ ಹಕ್ಕಿನ ಬಗ್ಗೆ ಮಾತಾಡ್ತಿದೆ. ಹಾಗಿರುವಾಗ ನೂರು ಜಿಬಿ ಮತ್ತೆ ಇಳಿಸಿಕೊಂಡ್ರೂ ಅದು ಸರಿ ಹೋಗಲ್ಲ.

ಪ್ಲೇ ಒತ್ತಿದಾಗ ಒಳಗೆ ಏನಾಗುತ್ತೆ ಅಂತ ಒಂದು ಸಲ ತಿಳ್ಕೊಂಡ್ರೆ ಅರ್ಧ ತಲೆನೋವು ಕಮ್ಮಿ ಆಗುತ್ತೆ. ಎಕ್ಸ್‌ಬಾಕ್ಸ್ ಆಪ್ ಬರೀ ಮುಂಬಾಗಿಲು. ಹಿಂದೆ ಕೆಲಸ ಮಾಡೋದು ಗೇಮಿಂಗ್ ಸರ್ವಿಸಸ್ ಅನ್ನೋ ಬೇರೆ ಪ್ರೋಗ್ರಾಂ. ಜೊತೆಗೆ ವಿಂಡೋಸ್‌ನ ಲೈಸೆನ್ಸ್ ಸೇವೆ, ಈ ಖಾತೆಗೆ ಈ ಆಟ ಆಡೋ ಹಕ್ಕು ಇದೆಯಾ ಅಂತ ಮೈಕ್ರೋಸಾಫ್ಟ್ ಸ್ಟೋರ್ ಮೂಲಕ ಪರಿಶೀಲಿಸುತ್ತೆ. ಇದೆಲ್ಲ ಸರಿ ಇದ್ರೆ ಮಾತ್ರ ಆಟದ ಸ್ವಂತ ಫೈಲ್ ಓಡೋಕೆ ಶುರುವಾಗುತ್ತೆ. ಆಮೇಲೆ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಕಾರ್ಡ್ ನಡೆಸೋ ಪ್ರೋಗ್ರಾಂ), ಆಂಟಿ-ಚೀಟ್ (ಮೋಸದಾಟ ತಡೆಯೋ ಪ್ರೋಗ್ರಾಂ), ಸೇವ್ ಫೈಲ್‌ಗಳ ಸರದಿ. ಎಲ್ಲಿ ನಿಂತಿತು ಅನ್ನೋದನ್ನ ಕೋಡ್‌ನ ಮೊದಲ ನಾಲ್ಕರಿಂದ ಆರು ಅಂಕಿಗಳೇ ಹೇಳಿಬಿಡ್ತವೆ. ಇನ್ನು ಮುಂದೆ ಕೋಡ್‌ಗಳ ಮೊದಲಿರುವ 0ಎಕ್ಸ್ ಬಿಟ್ಟು ಬರೀತೀನಿ.

803ಎಫ್ ಅಂತ ಶುರುವಾದ್ರೆ ಲೈಸೆನ್ಸ್. 8007 ಆದ ಮೇಲೆ 3ಸಿ ಅಥವಾ 3ಡಿ ಬಂದ್ರೆ ಆಪ್ ಪ್ಯಾಕೇಜ್ ಹಾಕೋದ್ರಲ್ಲಿ ತೊಂದರೆ. 80072ಇ, 80072ಎಫ್ ಬಂದ್ರೆ ನೆಟ್‌ವರ್ಕ್. 800700 ಅಂತ ಶುರುವಾಗಿದ್ರೆ ವಿಂಡೋಸ್‌ನ ಸಾಮಾನ್ಯ ದೂರು, ಕೊನೆಯ ಅಂಕಿಗಳನ್ನ ನೋಡಬೇಕು: 80070005 ಅಂದ್ರೆ ಅನುಮತಿ ಇಲ್ಲ, 80070070 ಅಂದ್ರೆ ಡಿಸ್ಕ್‌ನಲ್ಲಿ ಜಾಗ ಇಲ್ಲ. ಸಿ0000 ಅಂತ ಬಂದ್ರೆ ಆಟ ಶುರುವಾಗುವಾಗಲೋ ಆಮೇಲೋ ಕ್ರ್ಯಾಶ್ ಆಗಿದೆ. 887ಎ ಬಂದ್ರೆ ಗ್ರಾಫಿಕ್ಸ್ ಕಡೆ ನೋಡಿ.

ನಿಮ್ಮದು 803ಎಫ್8001. ಅಂದ್ರೆ ಈಗ ಸೈನ್ ಇನ್ ಆಗಿರುವ ಖಾತೆಯಲ್ಲಿ ಈ ಆಟಕ್ಕೆ ಹಕ್ಕು ಸಿಗ್ತಿಲ್ಲ. ಇದಕ್ಕೆ ನಾನು ಅತಿ ಹೆಚ್ಚು ನೋಡಿರುವ ಕಾರಣ ಖಾತೆಗಳ ಗೊಂದಲ. ಒಂದೇ ಪಿಸಿಯಲ್ಲಿ ಮೂರು ಕಡೆ ಮೂರು ಬೇರೆ ಮೈಕ್ರೋಸಾಫ್ಟ್ ಖಾತೆ ಇರಬಹುದು: ವಿಂಡೋಸ್ ಲಾಗಿನ್‌ನಲ್ಲಿ ಒಂದು, ಸ್ಟೋರ್‌ನಲ್ಲಿ ಒಂದು, ಎಕ್ಸ್‌ಬಾಕ್ಸ್ ಆಪ್‌ನಲ್ಲಿ ಮತ್ತೊಂದು. ಆಫೀಸಿನ ಮೇಲ್ ಐಡಿ ಅಥವಾ ಮನೆಯವರ ಖಾತೆ ಸ್ಟೋರ್‌ನಲ್ಲಿ ಕೂತಿರೋದು ತುಂಬಾ ಸಾಮಾನ್ಯ. ಎಕ್ಸ್‌ಬಾಕ್ಸ್ ಆಪ್‌ನಲ್ಲಿ ನಿಮ್ಮ ಹೆಸರು ಸರಿಯಾಗೇ ಕಾಣುತ್ತೆ, ಆದ್ರೆ ವಿಂಡೋಸ್ ಲೈಸೆನ್ಸನ್ನ ಸ್ಟೋರ್‌ನಲ್ಲಿರುವ ಖಾತೆಯ ಹೆಸರಲ್ಲಿ ಹುಡುಕುತ್ತೆ.

ಮೈಕ್ರೋಸಾಫ್ಟ್ ಸ್ಟೋರ್ ತೆರೆದು ಮೇಲಿರುವ ಪ್ರೊಫೈಲ್ ಚಿತ್ರ ಒತ್ತಿ. ಅಲ್ಲಿ ಕಾಣುವ ಮೇಲ್ ವಿಳಾಸವನ್ನ ಅಕ್ಷರ ಅಕ್ಷರ ಓದಿ, ಚಿತ್ರ ನೋಡಿ ಸರಿ ಇದೆ ಅಂದುಕೊಳ್ಳಬೇಡಿ. ಎಕ್ಸ್‌ಬಾಕ್ಸ್ ಆಪ್‌ನಲ್ಲೂ ಅದೇ ಮೇಲ್ ಇದೆಯಾ ನೋಡಿ. ಬೇರೆ ಇದ್ರೆ ಎರಡರಿಂದಲೂ ಸೈನ್ ಔಟ್ ಆಗಿ, ಪಿಸಿ ರೀಸ್ಟಾರ್ಟ್ ಮಾಡಿ, ಮೊದಲು ಸ್ಟೋರ್‌ಗೆ, ಆಮೇಲೆ ಎಕ್ಸ್‌ಬಾಕ್ಸ್ ಆಪ್‌ಗೆ, ಸಬ್‌ಸ್ಕ್ರಿಪ್ಷನ್ ಇರುವ ಖಾತೆಯಿಂದಲೇ ಲಾಗಿನ್ ಆಗಿ. ವಿಂಡೋಸ್ ಲಾಗಿನ್ ಬೇರೆ ಖಾತೆಯಲ್ಲಿದ್ರೂ ಪರವಾಗಿಲ್ಲ, ಅದನ್ನ ಮುಟ್ಟೋ ಅಗತ್ಯ ಇಲ್ಲ. ನಂತರ ಸ್ಟೋರ್‌ನ ಲೈಬ್ರರಿಗೆ ಹೋಗಿ ಅಪ್‌ಡೇಟ್‌ಗಳನ್ನ ಹುಡುಕೋ ಬಟನ್ ಒತ್ತಿ, ಬಂದಿರೋದನ್ನೆಲ್ಲ ಮುಗಿಯೋಕೆ ಬಿಡಿ.

ಖಾತೆ ಒಂದೇ ಇದ್ದೂ ಅದೇ ಕೋಡ್ ಬಂದ್ರೆ, ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಯ ಪುಟ ತೆರೆದು ಸಬ್‌ಸ್ಕ್ರಿಪ್ಷನ್ ಚಾಲ್ತಿಯಲ್ಲಿದೆಯಾ ನೋಡಿ. ಕಾರ್ಡ್ ಅವಧಿ ಮುಗಿದು ನವೀಕರಣ ಆಗದೇ ಇರೋದು ಗಮನಕ್ಕೇ ಬಂದಿರಲ್ಲ. ಆ ಆಟ ನಿಮ್ಮ ಪ್ಲಾನ್‌ನಲ್ಲೇ ಇದೆಯಾ, ಕ್ಯಾಟಲಾಗ್‌ನಿಂದ ಹೊರಗೆ ಹೋಗಿದೆಯಾ ಅನ್ನೋದನ್ನೂ ನೋಡಿ. ಕ್ಯಾಟಲಾಗ್ ಬಿಟ್ಟ ಆಟ ಡಿಸ್ಕ್‌ನಲ್ಲಿ ಹಾಗೇ ಇರುತ್ತೆ, ಆದ್ರೆ ತೆರೆಯಲ್ಲ. ದುಡ್ಡು ಕೊಟ್ಟು ತಗೊಂಡ ಡಿಎಲ್‌ಸಿ (ಆಟದ ಹೆಚ್ಚುವರಿ ಭಾಗ) ಇದ್ರೂ ಮೂಲ ಆಟ ಇಲ್ಲದೆ ಅದು ನಡೆಯಲ್ಲ.

ಇನ್ನೊಂದು ಸಣ್ಣ ವಿಷಯ ಗಡಿಯಾರ. ಪಿಸಿಯ ದಿನಾಂಕ, ಸಮಯ ತಪ್ಪಿದ್ರೆ ಸುರಕ್ಷಿತ ಸಂಪರ್ಕವೇ ಏರ್ಪಡಲ್ಲ, ಲೈಸೆನ್ಸ್ ಪರಿಶೀಲನೆ ಅಲ್ಲೇ ಬೀಳುತ್ತೆ. 80072ಎಫ್8ಎಫ್ ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ. ಸೆಟ್ಟಿಂಗ್ಸ್‌ನ ದಿನಾಂಕ ಮತ್ತು ಸಮಯದ ಪುಟದಲ್ಲಿ ಸಿಂಕ್ ನೌ ಒತ್ತಿದ್ರೆ ಆಯ್ತು. ಪ್ರತಿ ಸಲ ಪಿಸಿ ಆನ್ ಮಾಡಿದಾಗ ಗಡಿಯಾರ ಹಿಂದಕ್ಕೆ ಹೋಗ್ತಿದ್ರೆ ಮದರ್‌ಬೋರ್ಡ್‌ನ ಬಿಲ್ಲೆ ಬ್ಯಾಟರಿ ಮುಗಿದಿರಬಹುದು. ವಿಪಿಎನ್ ಇದ್ರೆ ಪರೀಕ್ಷೆ ಮುಗಿಯೋವರೆಗೂ ಆಫ್ ಮಾಡಿಡಿ. ಸ್ಟೋರ್ ತಾನೇ ಸರಿಯಾಗಿ ತೆರೀತಿಲ್ಲ ಅಂದ್ರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಬ್ಲ್ಯೂಎಸ್‌ರೀಸೆಟ್ (wsreset) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಏನೂ ಬರೆಯದ ಕಪ್ಪು ಕಿಟಕಿಯೊಂದು ತೆರೆದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೆ. ಹ್ಯಾಂಗ್ ಆಗಿದೆ ಅಂತ ಮುಚ್ಚಬೇಡಿ, ತಾನಾಗೇ ಮುಚ್ಚಿಕೊಂಡು ಸ್ಟೋರ್ ತೆರೆಯುತ್ತೆ.

ಇನ್ನು ಗೇಮಿಂಗ್ ಸರ್ವಿಸಸ್ ವಿಷಯ. 80073ಡಿ26, 8007139ಎಫ್ ಇವೆರಡು ಬಂದ್ರೆ ಬೇರೆ ಕಡೆ ಹುಡುಕೋದೇ ಬೇಡ, ಇದೇ ಕೆಟ್ಟಿದೆ. ಎಕ್ಸ್‌ಬಾಕ್ಸ್ ಆಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಸಪೋರ್ಟ್‌ಗೆ ಹೋದ್ರೆ ಗೇಮಿಂಗ್ ಸರ್ವಿಸಸ್ ರಿಪೇರ್ ಟೂಲ್ ಸಿಗುತ್ತೆ. ಅದನ್ನ ಓಡಿಸಿ, ಅಡ್ಮಿನ್ ಅನುಮತಿ ಕೇಳಿದಾಗೆಲ್ಲ ಕೊಡಿ, ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ. ಪವರ್‌ಶೆಲ್‌ನಲ್ಲಿ ಆಜ್ಞೆ ಅಂಟಿಸಿ ಗೇಮಿಂಗ್ ಸರ್ವಿಸಸ್ ತೆಗೆದುಹಾಕಿ ಅಂತ ಒಬ್ಬರು ಹೇಳಿದ್ದಾರೆ. ಅದು ತಪ್ಪಲ್ಲ, ಆದ್ರೆ ಈ ಟೂಲ್ ಬಂದ ಮೇಲೆ ಅದು ಮೊದಲ ಹೆಜ್ಜೆ ಆಗಬಾರದು. ಟೂಲ್‌ನಿಂದ ಆಗದಿದ್ರೆ ಮಾತ್ರ ಅದಕ್ಕೆ ಹೋಗಿ.

ವಿಂಡೋಸನ್ನ ಹಗುರ ಮಾಡ್ತೀವಿ ಅನ್ನೋ ಡಿಬ್ಲೋಟ್ ಸ್ಕ್ರಿಪ್ಟ್ ಯಾವತ್ತಾದ್ರೂ ಓಡಿಸಿದ್ದೀರಾ? ನಿಮ್ಮ ಪೋಸ್ಟ್‌ನಲ್ಲಿ ಇದರ ಬಗ್ಗೆ ಏನೂ ಇಲ್ಲ, ಆದ್ರೆ ಕೇಳಲೇಬೇಕಾದ ಪ್ರಶ್ನೆ ಇದು. ಇಂಥ ಎಷ್ಟೋ ಸ್ಕ್ರಿಪ್ಟ್‌ಗಳು ಎಕ್ಸ್‌ಬಾಕ್ಸ್ ಹೆಸರಿರೋದನ್ನೆಲ್ಲ ಕಿತ್ತು ಹಾಕ್ತವೆ. ಅದರಲ್ಲಿ ಎಕ್ಸ್‌ಬಾಕ್ಸ್ ಐಡೆಂಟಿಟಿ ಪ್ರೊವೈಡರ್ ಕೂಡ ಹೋಗುತ್ತೆ. ಅದು ಇಲ್ಲದಿದ್ರೆ ಆಟದೊಳಗೆ ಸೈನ್ ಇನ್ ಆಗಲ್ಲ. ಸ್ಟೋರ್‌ನಲ್ಲಿ ಅದರ ಹೆಸರು ಹುಡುಕಿ ಮತ್ತೆ ಹಾಕಿಕೊಳ್ಳಬಹುದು. ವಿಂಡೋಸ್‌ನ ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂಗಳ ಸರ್ವಿಸಸ್ ಪಟ್ಟಿ ತೆರೆದು ಎಕ್ಸ್‌ಬಾಕ್ಸ್ ಲೈವ್ ಆಥ್ ಮ್ಯಾನೇಜರ್, ಎಕ್ಸ್‌ಬಾಕ್ಸ್ ಲೈವ್ ಗೇಮ್ ಸೇವ್, ವಿಂಡೋಸ್ ಲೈಸೆನ್ಸ್ ಮ್ಯಾನೇಜರ್ ಇವು ಡಿಸೇಬಲ್ ಆಗಿವೆಯಾ ನೋಡಿ. ಆಗಿದ್ರೆ ಮ್ಯಾನ್ಯುಯಲ್‌ಗೆ ತನ್ನಿ. ಗೇಮಿಂಗ್ ಸರ್ವಿಸಸ್ ಅನ್ನೋ ಹೆಸರು ಆ ಪಟ್ಟಿಯಲ್ಲಿ ಎರಡು ಸಲ ಕಾಣುತ್ತೆ. ಅದು ಇರೋದೇ ಹಾಗೆ, ಒಂದನ್ನ ನಿಲ್ಲಿಸೋಕೆ ಹೋಗಬೇಡಿ.

ಲೈಸೆನ್ಸ್ ಸರಿ ಹೋದ ಮೇಲೂ ಲೋಗೋ ಬಂದು ಹೋಗೋದು ನಿಲ್ಲದಿದ್ರೆ ಅದು ಬೇರೆಯದೇ ಸಮಸ್ಯೆ. ಎರಡನ್ನೂ ಒಂದೇ ಅಂದುಕೊಂಡು ಹುಡುಕಿದ್ರೆ ದಾರಿ ತಪ್ಪುತ್ತೆ. ಲೋಗೋ ಕಂಡಿತು ಅಂದ್ರೆ ಸಾಮಾನ್ಯವಾಗಿ ಲೈಸೆನ್ಸ್ ದಾಟಿ ಆಟ ಓಡೋಕೆ ಶುರುವಾಗಿ ಬಿದ್ದಿದೆ ಅಂತ. ಪರದೆ ಮೇಲೆ ಕೋಡ್ ಬರದಿದ್ರೂ ವಿಂಡೋಸ್ ಅದನ್ನ ಬರೆದಿಟ್ಟಿರುತ್ತೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಅಂತ ಟೈಪ್ ಮಾಡಿದ್ರೆ ರಿಲಯಬಿಲಿಟಿ ಹಿಸ್ಟರಿ ಬರುತ್ತೆ. ದಿನವಾರು ಗೆರೆಗಳಿರುವ ಪಟ್ಟಿ, ಕ್ರ್ಯಾಶ್ ಆದ ದಿನ ಕೆಂಪು ಗುರುತು. ಆ ದಿನ ಒತ್ತಿ, ಕೆಳಗೆ ಆಟದ ಹೆಸರಿನ ಸಾಲನ್ನ ಎರಡು ಸಲ ಕ್ಲಿಕ್ ಮಾಡಿ. ಬರೋ ವಿವರದಲ್ಲಿ ಎರಡು ಸಾಲು ಸಾಕು: ಫಾಲ್ಟ್ ಮಾಡ್ಯೂಲ್ ನೇಮ್ (ಯಾವ ಫೈಲ್‌ನಲ್ಲಿ ಬಿತ್ತು) ಮತ್ತು ಎಕ್ಸೆಪ್ಷನ್ ಕೋಡ್ (ಯಾವ ಥರದ ಎರರ್).

ಮಾಡ್ಯೂಲ್ ಹೆಸರು ಎನ್‌ವಿ ಅಂತ ಶುರುವಾದ್ರೆ ಎನ್‌ವಿಡಿಯಾ ಡ್ರೈವರ್, ಎಟಿಐ ಅಥವಾ ಎಎಂಡಿ ಅಂತಿದ್ರೆ ಎಎಂಡಿ ಡ್ರೈವರ್ ಅನ್ನೋ ಅನುಮಾನ ಗಟ್ಟಿಯಾಗುತ್ತೆ. ಕಂಪನಿಯ ಸೈಟ್‌ನಿಂದಲೇ ಹೊಸ ಡ್ರೈವರ್ ತಂದು, ಕ್ಲೀನ್ ಇನ್‌ಸ್ಟಾಲ್ ಆಯ್ಕೆ ಇದ್ರೆ ಅದನ್ನ ಆರಿಸಿ. ಆರ್‌ಟಿಎಸ್‌ಎಸ್‌ಹುಕ್ಸ್ ಅನ್ನೋ ಹೆಸರು ಬಂದ್ರೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ತೋರಿಸೋ ರಿವಾಟ್ಯೂನರ್ ಆಟದೊಳಗೆ ನುಗ್ಗಿದೆ, ಅದನ್ನ ಮುಚ್ಚಿ ನೋಡಿ. ಆಟದ ಮೇಲೆ ಕಾಣೋ ಡಿಸ್ಕಾರ್ಡ್ ಓವರ್‌ಲೇ, ಸ್ಕ್ರೀನ್ ರೆಕಾರ್ಡರ್‌ಗಳಿಗೂ ಇದೇ ಮಾತು. ವಿಂಡೋಸ್‌ನದೇ ಫೈಲ್‌ಗಳಾದ ಎನ್‌ಟಿಡಿಎಲ್‌ಎಲ್, ಕರ್ನಲ್‌ಬೇಸ್ ಅಂತ ಬಂದ್ರೆ ಅದನ್ನೇ ನಂಬಿ ಕೂರಬೇಡಿ. ಕ್ರ್ಯಾಶ್ ಎಲ್ಲಿಂದ ಶುರುವಾದ್ರೂ ಕೊನೆಗೆ ಆ ಹೆಸರುಗಳಲ್ಲಿ ಬಂದು ನಿಲ್ಲೋದು ಮಾಮೂಲು.

ಎಕ್ಸೆಪ್ಷನ್ ಕೋಡ್ ಸಿ0000135 ಆಗಿದ್ರೆ ಬೇಕಾದ ಡಿಎಲ್‌ಎಲ್ (ಪ್ರೋಗ್ರಾಂಗಳು ಬಳಸೋ ಸಹಾಯಕ ಫೈಲ್) ಸಿಕ್ಕಿಲ್ಲ. ಸಿ000007ಬಿ ಬಂದ್ರೆ ಹೆಚ್ಚಾಗಿ 32 ಬಿಟ್, 64 ಬಿಟ್ ಫೈಲ್‌ಗಳು ಅದಲು ಬದಲಾಗಿವೆ. ಎರಡಕ್ಕೂ ಮೊದಲ ಮದ್ದು ಮೈಕ್ರೋಸಾಫ್ಟ್‌ನ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್. ವಿಂಡೋಸ್ 64 ಬಿಟ್ ಆದ್ರೂ ಎಕ್ಸ್86 (32 ಬಿಟ್), ಎಕ್ಸ್64 (64 ಬಿಟ್) ಎರಡನ್ನೂ ಹಾಕಿ. ಬಿಡಿ ಡಿಎಲ್‌ಎಲ್ ಫೈಲ್ ಕೊಡೋ ಸೈಟ್‌ಗಳಿಂದ ತಂದು ಸಿಸ್ಟಮ್ ಫೋಲ್ಡರ್‌ಗೆ ಹಾಕೋದು ಬೇಡವೇ ಬೇಡ. ವೈರಸ್ ಬರೋ ದಾರಿ ಅದು, ಸಿ000007ಬಿ ಬರೋದಕ್ಕೂ ಅದೇ ಎಷ್ಟೋ ಸಲ ಕಾರಣ. 887ಎ0005 ಬಂದ್ರೆ ಗ್ರಾಫಿಕ್ಸ್ ಕಾರ್ಡ್ ಮಧ್ಯದಲ್ಲೇ ಸಂಪರ್ಕ ಕಳ್ಕೊಂಡಿದೆ. ಓವರ್‌ಕ್ಲಾಕ್ ಮಾಡಿದ್ರೆ ತೆಗೆದು ಮೂಲ ವೇಗಕ್ಕೆ ತನ್ನಿ. ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇದ್ರೆ ಡಿಸ್‌ಪ್ಲೇ ಸೆಟ್ಟಿಂಗ್‌ನ ಗ್ರಾಫಿಕ್ಸ್ ಪುಟದಲ್ಲಿ ಆ ಆಟಕ್ಕೆ ಹೈ ಪರ್ಫಾರ್ಮೆನ್ಸ್ ಆರಿಸಿ.

ಆಟದ ಫೈಲ್ ಕೆಟ್ಟಿದೆ ಅನ್ನೋ ಅನುಮಾನ ಈಗ ಬಂದ್ರೆ ಸರಿ. ಆಗಲೂ ಅಳಿಸಬೇಕಿಲ್ಲ. ಎಕ್ಸ್‌ಬಾಕ್ಸ್ ಆಪ್‌ನಲ್ಲಿ ಆಟದ ಮೂರು ಚುಕ್ಕಿ, ಮ್ಯಾನೇಜ್, ಫೈಲ್ಸ್ ಅಂತ ಹೋದ್ರೆ ವೆರಿಫೈ ಅಂಡ್ ರಿಪೇರ್ ಇದೆ. ಕೆಟ್ಟ ಭಾಗವನ್ನಷ್ಟೇ ಇಳಿಸಿಕೊಳ್ಳುತ್ತೆ. ವಿಂಡೋಸ್ ಸೆಟ್ಟಿಂಗ್ಸ್‌ನ ಆಪ್ ಪಟ್ಟಿಯಲ್ಲಿ ರಿಪೇರ್, ರೀಸೆಟ್ ಎರಡೂ ಅಕ್ಕಪಕ್ಕದಲ್ಲೇ ಇರ್ತವೆ. ರಿಪೇರ್ ಡೇಟಾ ಮುಟ್ಟಲ್ಲ, ರೀಸೆಟ್ ಅಳಿಸುತ್ತೆ. ಸೇವ್‌ಗಳು ಸಾಮಾನ್ಯವಾಗಿ ಕ್ಲೌಡ್‌ಗೆ ಹೋಗಿರ್ತವೆ, ಆದ್ರೆ ಆಟ ಸರಿಯಾಗಿ ಮುಚ್ಚದೆ ಕ್ರ್ಯಾಶ್ ಆದಾಗ ಕೊನೆಯ ಸೇವ್ ಸಿಂಕ್ ಆಗದೇ ಉಳಿಯಬಹುದು. ಕ್ಲೌಡ್ ಸೇವ್ ಬೇಕಾ, ಈ ಪಿಸಿಯದ್ದು ಬೇಕಾ ಅಂತ ಕೇಳಿದ್ರೆ ದಿನಾಂಕ, ಸಮಯ ನೋಡಿ ಆರಿಸಿ. ಇಷ್ಟು ದಿನ ಆಡಿದ್ದು ಒಂದು ಕ್ಲಿಕ್‌ಗೆ ಹೋಗಬಾರದು.

ಆಟ ಬೇರೆ ಡ್ರೈವ್‌ನಲ್ಲಿದ್ರೆ ಆ ಡ್ರೈವ್ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲೇ ಇರಬೇಕು. ಹಳೇ ಪಿಸಿಯಿಂದ ತಂದ ಡ್ರೈವ್‌ನಲ್ಲಿ ಹಿಂದಿನ ವಿಂಡೋಸ್ ಬಿಟ್ಟುಹೋದ ಫೋಲ್ಡರ್‌ಗಳಿದ್ರೆ 80070005 ಬರೋದುಂಟು. ಸ್ಟೋರ್ ಆಪ್‌ಗಳು ಇರುವ ವಿಂಡೋಸ್‌ಆಪ್ಸ್ ಫೋಲ್ಡರ್‌ನ ಒಡೆತನ ನಿಮ್ಮ ಹೆಸರಿಗೆ ಬದಲಾಯಿಸಿ ಅಂತ ಬಂದಿರುವ ಸಲಹೆಯನ್ನ ಸಿ ಡ್ರೈವ್ ಮೇಲಂತೂ ಖಂಡಿತ ಮಾಡಬೇಡಿ. ಸ್ಟೋರ್‌ನಿಂದ ಬಂದ ಉಳಿದ ಆಪ್‌ಗಳೂ ನಿಂತುಹೋಗಬಹುದು, ಅನುಮತಿಗಳನ್ನ ಮೊದಲಿನ ಹಾಗೆ ಮಾಡೋದು ಬಹಳ ಕಷ್ಟ. ಹಾಗೇನೇ ಆಂಟಿವೈರಸ್ ಪೂರ್ತಿ ಆಫ್ ಮಾಡೋ ಬದಲು ವಿಂಡೋಸ್ ಸೆಕ್ಯುರಿಟಿಯ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಇದೆಯಾ ನೋಡಿ. ಅದು ಡಾಕ್ಯುಮೆಂಟ್ಸ್‌ಗೆ ಆಟ ಬರೆಯೋದನ್ನ ತಡೆದ್ರೆ ಕೆಲವು ಆಟಗಳು ಸದ್ದಿಲ್ಲದೆ ಮುಚ್ಚಿಕೊಳ್ತವೆ. ಆ ಆಟಕ್ಕೆ ಮಾತ್ರ ಅನುಮತಿ ಕೊಟ್ರೆ ಸಾಕು.

ಇಎ ಕಂಪನಿಯ ಇಎ ಪ್ಲೇ ಮೂಲಕ ಬರೋ ಆಟಗಳಿಗೆ ಇಎ ಆಪ್ ಬೇಕೇ ಬೇಕು, ಇಎ ಮತ್ತು ಮೈಕ್ರೋಸಾಫ್ಟ್ ಖಾತೆ ಎರಡೂ ಲಿಂಕ್ ಆಗಿರಬೇಕು. ಅಲ್ಲಿ ಎರರ್ ಬಂದ್ರೆ ಇಎ ಆಪ್ ಒಳಗೆ ನೋಡಿ. ವ್ಯಾಲರಂಟ್ ಥರದ ಆಟ ಆದ್ರೆ ಅದರ ವ್ಯಾಂಗಾರ್ಡ್ ಆಂಟಿ-ಚೀಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 (ಸುರಕ್ಷತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ಪಿಸಿ ಆನ್ ಆಗುವಾಗಿನ ಸುರಕ್ಷತಾ ತಪಾಸಣೆ) ಎರಡನ್ನೂ ಕೇಳುತ್ತೆ. ಸಿಸ್ಟಮ್ ಇನ್ಫರ್ಮೇಷನ್ ತೆರೆದ್ರೆ ಸೆಕ್ಯೂರ್ ಬೂಟ್ ಆನ್ ಇದೆಯಾ ಅಂತ ಗೊತ್ತಾಗುತ್ತೆ. ಮದರ್‌ಬೋರ್ಡ್‌ನ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಬದಲಾಯಿಸೋ ಮುಂಚೆ, ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್‌ನ ರಿಕವರಿ ಕೀ ನಿಮ್ಮ ಹತ್ತಿರ ಇದೆ ಅಂತ ಖಚಿತ ಮಾಡ್ಕೊಳ್ಳಿ. ಅದಿಲ್ಲದೆ ಕೈ ಹಾಕಿದ್ರೆ ಪಿಸಿಯೇ ಲಾಕ್ ಆಗಿ ಕೂರಬಹುದು.

ಇವತ್ತು ನೀವು ಮಾಡಬೇಕಾದ್ದು ಸ್ಟೋರ್ ಮತ್ತು ಎಕ್ಸ್‌ಬಾಕ್ಸ್ ಆಪ್‌ನ ಖಾತೆ ಹೊಂದಿಸೋದು, ಅದಾದ ಮೇಲೆ ರಿಪೇರ್ ಟೂಲ್. ಒಂದೊಂದು ಹೆಜ್ಜೆ ಆದ ಮೇಲೂ ಆಟ ತೆರೆದು ನೋಡಿ, ಇಲ್ಲದಿದ್ರೆ ಯಾವುದರಿಂದ ಸರಿ ಹೋಯ್ತು ಅಂತ ಗೊತ್ತಾಗಲ್ಲ. ಆಮೇಲೂ ಲೋಗೋ ಬಂದು ಹೋದ್ರೆ ಆಟದ ಹೆಸರು, ವಿಂಡೋಸ್ ಆವೃತ್ತಿ, ಗ್ರಾಫಿಕ್ಸ್ ಕಾರ್ಡ್, ಮತ್ತೆ ರಿಲಯಬಿಲಿಟಿ ಹಿಸ್ಟರಿಯ ಆ ಎರಡು ಸಾಲು ಇಲ್ಲೇ ಹಾಕಿ. ಸ್ಕ್ರೀನ್‌ಶಾಟ್‌ನಲ್ಲಿ ನಿಮ್ಮ ಮೇಲ್ ವಿಳಾಸ ಕಾಣದ ಹಾಗೆ ಮುಚ್ಚಿ. ನೋಡಿ ಉತ್ತರ ಬರೀತೀನಿ.