ದಾವಣಗೆರೆ ಜಿಲ್ಲೆ ದಾಟದೆ ಒಂದು ವರ್ಷದಲ್ಲಿ 150 ಜಾತಿ ಹಕ್ಕಿ ನೋಡೋಕಾಗುತ್ತಾ?

ಖಂಡಿತ ಆಗುತ್ತೆ. ಭಾನುವಾರ ಮಾತ್ರ ಬಿಡುವು, ಹತ್ತಿರದಲ್ಲಿ ದೊಡ್ಡ ಕಾಡಿಲ್ಲ, ಹೀಗಿದ್ದೂ 150 ಮುಟ್ಟಬಹುದಾ ಅಂತ ಕೇಳಿದ್ದೀರಿ. ನಾನು ಪ್ರತಿ ಜನವರಿಗೆ ಜಿಲ್ಲೆಯ ಹೊಸ ಪಟ್ಟಿ ಶುರು ಮಾಡುತ್ತೇನೆ. ನಮ್ಮ ಕಡೆ ಈ ಎಣಿಕೆಯಲ್ಲಿ ಕಾಡಿಗಿಂತ ಜಾಸ್ತಿ ಕೈ ಹಿಡಿಯುವುದು ಭದ್ರಾ ನಾಲೆ.

ಬೇಸಿಗೆ ಬೆಳೆಗೆ ನೀರು ಬಿಟ್ಟ ವರ್ಷ ಜನವರಿ, ಫೆಬ್ರವರಿಯಲ್ಲಿ ಭತ್ತದ ಗದ್ದೆ ಕೆಸರಾಗುತ್ತದೆ. ಚಳಿಗಾಲಕ್ಕೆ ಬಂದ ಹಕ್ಕಿಗಳು ಇನ್ನೂ ವಾಪಸ್ ಹೊರಟಿರುವುದಿಲ್ಲ. ನಾಟಿಗೆ ಮುಂಚೆ ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಗದ್ದೆಗೆ ಇಳಿದಾಗ ಬದುವಿನ ಮೇಲೆ ನಿಂತು ನೋಡಿ. ಬೆಳ್ಳಕ್ಕಿಗಳು ಚಕ್ರದ ಪಕ್ಕದಲ್ಲೇ ಓಡುತ್ತವೆ, ಹುಳ ಮೇಲೆದ್ದ ಕ್ಷಣಕ್ಕೆ ಕುಕ್ಕುತ್ತವೆ. ಅವುಗಳ ಹಿಂದೆ ಹಳದಿ ಕುಂಡೆಕುಸ್ಕ (ಯೆಲ್ಲೋ ವ್ಯಾಗ್‌ಟೇಲ್), ಮಿಂಚು ಕೆಂಬರಲು (ಗ್ಲಾಸಿ ಐಬಿಸ್). ಮೇಲೆ ಗರುಡ ಸುತ್ತುತ್ತಿರುತ್ತದೆ. ರೈತರನ್ನು ಒಂದು ಮಾತು ಕೇಳಿ ಗದ್ದೆಗೆ ಇಳಿಯಿರಿ. ಯಾವ ಗದ್ದೆಗೆ ನಾಳೆ ಟ್ರ್ಯಾಕ್ಟರ್ ಬರುತ್ತೆ ಅಂತ ಅವರೇ ಹೇಳುತ್ತಾರೆ.

ಅದೇ ಕೆಸರಲ್ಲಿ ಎರಡು ಜಾತಿ ಸ್ಯಾಂಡ್‌ಪೈಪರ್ (ಕೆಸರಲ್ಲಿ ಹುಳ ಹೆಕ್ಕುವ ಸಣ್ಣ ಹಕ್ಕಿ) ಸಿಗುತ್ತವೆ, ವುಡ್ ಮತ್ತು ಗ್ರೀನ್. ಹೊಸಬರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಹಾರುವಾಗ ರೆಕ್ಕೆಯ ಅಡಿ ಕಪ್ಪಾಗಿ ಕಂಡರೆ ಗ್ರೀನ್, ಮಾಸಲು ಬೂದಿ ಬಣ್ಣವಾದರೆ ವುಡ್. ಕೂತಿದ್ದಾಗ ಹುಬ್ಬು ನೋಡಿ: ವುಡ್‌ಗೆ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೂ ಹೋಗುತ್ತದೆ, ಗ್ರೀನ್‌ಗೆ ಕಣ್ಣಿನ ಮುಂದೆಯೇ ನಿಲ್ಲುತ್ತದೆ.

ಕೆರೆ ತುಂಬಿದರೆ ಹಕ್ಕಿ ಜಾಸ್ತಿ ಅಂತ ಎಲ್ಲರೂ ನಂಬಿದ್ದಾರೆ. ಪೂರ್ತಿ ನಿಜವಲ್ಲ. ಕೆರೆ ತುಂಬಿದ್ದಾಗ ನೀರುಕಾಗೆ, ಬಾತುಗಳಿಗೆ ಅನುಕೂಲ. ಆದರೆ ಕೆಸರಲ್ಲಿ ಕೊಕ್ಕು ಹಾಕಿ ತಿನ್ನುವ ಸಣ್ಣ ಹಕ್ಕಿಗಳಿಗೆ ಬೇಕಾಗಿರುವುದು ನೀರು ಇಳಿದ ದಂಡೆ. ಅದಕ್ಕೇ ಕುಂದವಾಡ ಕೆರೆ, ಕೊಂಡಜ್ಜಿ, ಚನ್ನಗಿರಿಯ ಸೂಳೆಕೆರೆ ಮೂರಕ್ಕೂ ಒಂದೊಂದೇ ಸಲ ಹೋಗಿ ಮುಗಿಸಬೇಡಿ. ನೀರಿನ ಮಟ್ಟ ಬದಲಾದ ಮೇಲೆ ಮತ್ತೆ ಹೋಗಿ. ಸೂಳೆಕೆರೆ ತುಂಬಾ ದೊಡ್ಡದು, ಬರೀ ಬೈನಾಕ್ಯುಲರ್ ಸಾಲದು. ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ದೂರದರ್ಶಕ) ಇರುವವರ ಜೊತೆ ಹೋಗಿ.

ಇನ್ನೊಂದು ಕಡೆ ಜಗಳೂರು. ಬಯಲುಸೀಮೆಯ ಹಕ್ಕಿ ನೋಡೋಕೆ ಜನ ಹೋಗುವುದೇ ಕಡಿಮೆ, ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಅಲ್ಲಿನ ರಂಗಯ್ಯನದುರ್ಗದ ಅಭಯಾರಣ್ಯವನ್ನು ಕೊಂಡುಕುರಿಗಾಗಿ (ನಾಲ್ಕು ಕೊಂಬಿನ ಹುಲ್ಲೆ) ಮಾಡಿದ್ದಾರೆ, ಆದರೆ ಆ ಸುತ್ತಿನ ಕುರುಚಲು, ಹುಲ್ಲು, ಬೀಳು ಹೊಲ ಎಲ್ಲ ಹಕ್ಕಿಗಳಿಗೂ ಬೇಕು. ಚಳಿಗಾಲದಲ್ಲಿ ಹುಲ್ಲಿನ ಮೇಲೆ ಕೆಳಮಟ್ಟದಲ್ಲಿ ತೇಲುವ ಸೆಳೆವಗಳನ್ನು (ಹ್ಯಾರಿಯರ್ ಎನ್ನುವ ಬೇಟೆ ಹಕ್ಕಿ) ನೋಡಲೇಬೇಕು. ಅವು ಹುಲ್ಲಲ್ಲೇ ರಾತ್ರಿ ಕಳೆಯುತ್ತವೆ, ಮರ ಹತ್ತುವುದಿಲ್ಲ. ಖಾಲಿ ಜಾಗ ಅಂತ ಹುಲ್ಲುಗಾವಲಲ್ಲಿ ಗಿಡ ನೆಟ್ಟರೆ ಅವುಗಳ ಮನೆ ಹೋದಂತೆ. ಮಳೆ ಶುರುವಾದ ಮೇಲೆ ಇದೇ ಬಯಲಿಗೆ ಚಾತಕ ನೋಡೋಕೆ ಬನ್ನಿ, ಲಾವಕ್ಕಿ ಕೂಗೂ ಕೇಳುತ್ತದೆ.

ಗಡಿ ಮೊದಲೇ ನಿರ್ಧರಿಸಿ. ಜೋಗಿಮಟ್ಟಿ ಕಾಡು ಚಿತ್ರದುರ್ಗಕ್ಕೆ ಸೇರಿದ್ದು, ಈ ಪಟ್ಟಿಗೆ ಬರೋದಿಲ್ಲ. ಹರಪನಹಳ್ಳಿ ಮೊದಲು ನಮ್ಮ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆ. ದಾವಣಗೆರೆ ಜಿಲ್ಲೆಯಾಗಿದ್ದೇ 1997ರಲ್ಲಿ, ಹಾಗಾಗಿ ಅದಕ್ಕಿಂತ ಹಳೆಯ ದಾಖಲೆ ಹುಡುಕುವಾಗ ಚಿತ್ರದುರ್ಗ, ಶಿವಮೊಗ್ಗದ ಹೆಸರಲ್ಲೂ ನೋಡಿ.

ಲೆಕ್ಕ ಇಡೋಕೆ ಇಬರ್ಡ್ (ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಆ್ಯಪ್) ಸಾಕು, ದುಡ್ಡು ಕೊಡಬೇಕಿಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎನ್ನುವ ಹಕ್ಕಿ ಎಣಿಕೆಗೆ ಕನಿಷ್ಠ 15 ನಿಮಿಷ ಒಂದೇ ಕಡೆ ನಿಂತು ಎಣಿಸಿದರೂ ಆಯ್ತು, ಮನೆಯ ಮಾಳಿಗೆಯಿಂದಲೇ ಶುರು ಮಾಡಬಹುದು. ಒಂದೇ ಕೋರಿಕೆ: ಹೊಸ ಜಾತಿ ಮಾತ್ರ ಬರೆದು ಕಾಗೆ, ಗೊರವಂಕ ಬಿಡಬೇಡಿ. ಕಂಡ ಎಲ್ಲ ಜಾತಿಯನ್ನೂ ಹಾಕಿ. ಎಷ್ಟು ಕಂಡವು ಅಂತ ಎಣಿಸದೆ ‘ಎಕ್ಸ್’ ಒತ್ತಿ ಬಿಡುವ ಬದಲು ಅಂದಾಜಾದರೂ ಸರಿ, ಸಂಖ್ಯೆ ಬರೆಯಿರಿ. ಗುಬ್ಬಿ ಕಮ್ಮಿಯಾಯ್ತಾ ಅಂತ ಮುಂದೆ ಯಾರಾದರೂ ಕೇಳಿದರೆ ಉತ್ತರ ಸಿಗುವುದು ಆ ಸಂಖ್ಯೆಯಿಂದಲೇ ಅಲ್ವಾ.